ಬಿಸಿಲು ಕೂಡಿಡುವ ಬೆಟ್ಟ



ಬಾನುಲಿಯಲ್ಲಿ ಬಿಳಿ ವೈನಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಮೊದಲು ಹುಬ್ಬೇರಿಸಿದ್ದು ನಮ್ಮ ಮನೆಯವರೇ. “ಅಷ್ಟು ವರ್ಷ ಮಕ್ಕಳಿಗೆ ಮಣ್ಣಿನ ಪಾಠ ಹೇಳಿ, ಈಗ ಇದಾ?” ಎಂದರು. ಇದೂ ಮಣ್ಣಿನ ಪಾಠವೇ ಎಂದೆ. ನಂಬಲಿಲ್ಲ. ನೀವಾದರೂ ನಂಬಬೇಕು. ಇವತ್ತಿನ ಮಾತಿನಲ್ಲಿ ಕುಡಿಯುವ ವಿಚಾರ ಕಡಿಮೆ. ಕಲ್ಲು, ಬಿಸಿಲು, ಒಂದು ನದಿ, ಒಂದು ಹಠಮಾರಿ ದ್ರಾಕ್ಷಿ, ಇವುಗಳ ವಿಚಾರವೇ ಹೆಚ್ಚು.

ಕಲ್ಲಿನಿಂದ ಶುರುಮಾಡುತ್ತೇನೆ. ನನ್ನ ವಯಸ್ಸಿನವರು ಅಕ್ಷರ ತಿದ್ದಿದ್ದು ಸ್ಲೇಟಿನ ಮೇಲೆ. ಸುತ್ತ ಮರದ ಚೌಕಟ್ಟು, ನಡುವೆ ಕರಿ ಕಲ್ಲು. ಆಂಧ್ರದ ಮಾರ್ಕಾಪುರದ ಗಣಿಗಳಿಂದ ನಮ್ಮ ಶಾಲೆಗಳಿಗೆ ಬರುತ್ತಿದ್ದ ಕಲ್ಲು ಅದು. ಬೇಸಿಗೆಯಲ್ಲಿ ಸ್ಲೇಟನ್ನು ಅಂಗಳದಲ್ಲಿ ಬಿಟ್ಟು ಆಟಕ್ಕೆ ಓಡಿ, ವಾಪಸು ಬಂದು ತೊಡೆಯ ಮೇಲಿಟ್ಟುಕೊಂಡರೆ ಚುರ್ ಎನ್ನುತ್ತಿತ್ತು. ನಾವು ಚಡ್ಡಿ ಹಾಕುತ್ತಿದ್ದ ಕಾಲ. ಆ ಚುರುಕು ನೆನಪಿರುವವರಿಗೆ ಇವತ್ತಿನ ಅರ್ಧ ಪಾಠ ಆಗಲೇ ಬಂದುಬಿಟ್ಟಿದೆ.

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ ಒಂದು ನದಿಯ ಕಣಿವೆ ಇದೆ. ಅಲ್ಲಿ ಸಾಲು ಸಾಲು ಬೆಟ್ಟಗಳೆಲ್ಲ ಇದೇ ಸ್ಲೇಟು. ಸುಮಾರು 40 ಕೋಟಿ ವರ್ಷದ ಹಿಂದೆ ಕಡಲ ತಳದಲ್ಲಿ ಕೂತ ಕೆಸರು, ಒತ್ತಡಕ್ಕೆ ಸಿಕ್ಕಿ ಪದರ ಪದರವಾಗಿ ಗಟ್ಟಿಯಾದದ್ದು. ಕೈಯಲ್ಲಿ ಹಿಡಿದು ತಟ್ಟಿದರೆ ಹಪ್ಪಳದ ಹಾಗೆ ಬಿಡಿಸಿಕೊಳ್ಳುತ್ತದೆ. ಊರಿನ ಮನೆಗಳ ಸೂರಿಗೂ ಅದೇ ಕಲ್ಲು. ನದಿಯ ಹೆಸರು ಮೋಸೆಲ್. ಜರ್ಮನರು ಸಕಾರವನ್ನು ಸ್ವಲ್ಪ ಗುಂಯ್ಗುಟ್ಟಿಸಿ ಹೇಳುತ್ತಾರೆ. ನಮ್ಮ ಬಾಯಲ್ಲಿ ಬಂದಾಗ ಅದರೊಳಗೆ ‘ಮೋಸ’ ಕೇಳಿಸುತ್ತದೆ. ಈ ಹೆಸರಿನಲ್ಲಿ ಒಂದಷ್ಟು ಮೋಸವೂ ನಡೆದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕಣಿವೆ ಇರುವುದು ಉತ್ತರ ಅಕ್ಷಾಂಶ 50 ಡಿಗ್ರಿಯ ಆಸುಪಾಸು. ಬೆಂಗಳೂರು 13 ಡಿಗ್ರಿಯಲ್ಲಿದೆ. ದ್ರಾಕ್ಷಿ ಬಿಸಿಲು ನಾಡಿನ ಬಳ್ಳಿ. ಇಷ್ಟು ಉತ್ತರಕ್ಕೆ ಬಂದರೆ ಹಣ್ಣಾಗುವುದೇ ಅನುಮಾನ. ವರ್ಷದ ಸರಾಸರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಸಮತಟ್ಟಾದ ಹೊಲದಲ್ಲಿ, ಆಲೂಗಡ್ಡೆ ನೆಡುವ ಜಾಗದಲ್ಲಿ ಈ ಬಳ್ಳಿ ನೆಟ್ಟರೆ ಹಳೆಯ ಕಾಲದಲ್ಲಿ ಹಲವು ವರ್ಷ ಕಾಯಿಯೇ ಕೈಗೆ ಬರುತ್ತಿತ್ತು. ಆದರೂ ಎರಡು ಸಾವಿರ ವರ್ಷದಿಂದ ಅಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದಾರೆ. ರೋಮನ್ ಕವಿ ಔಸೋನಿಯಸ್ ಕ್ರಿ.ಶ. 371ರ ಸುಮಾರಿಗೆ ಈ ನದಿಯ ಮೇಲೆ 483 ಸಾಲಿನ ಕಾವ್ಯ ಬರೆದ. ಅದರಲ್ಲಿ ದ್ರಾಕ್ಷಿ ಬೆಟ್ಟಗಳ ನೆರಳು ನೀರಲ್ಲಿ ಕಾಣುವ ವರ್ಣನೆ ಬರುತ್ತದೆ. ಪೀಸ್‌ಪೋರ್ಟ್ ಎಂಬ ಊರಿನಲ್ಲಿ 1985ರಲ್ಲಿ ನೆಲ ಅಗೆದಾಗ ರೋಮನ್ನರ ಕಾಲದ ದ್ರಾಕ್ಷಿ ಗಾಣ ಸಿಕ್ಕಿತು. ಅಷ್ಟು ಚಳಿ ನಾಡಿನಲ್ಲಿ ಇದು ಹೇಗೆ ಸಾಧ್ಯವಾಯಿತು?

ಬೆಂಗಳೂರಿನವರು ನಿಮ್ಮ ತಾರಸಿಗೆ ಹೋಗಿ. ಅಲ್ಲಿ ನೀರು ಕಾಯಿಸುವ ಸೋಲಾರ್ ಹಲಗೆ ಇದ್ದರೆ ಅದು ಹೇಗೆ ಕೂತಿದೆ ನೋಡಿ. ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪ ಓರೆಯಾಗಿ. ಬಿಸಿಲು ನೇರವಾಗಿ ಬಡಿಯಲಿ ಎಂದು ಆ ಓರೆ. ನಮ್ಮಲ್ಲಿ ಸೂರ್ಯ ತಲೆಯ ಮೇಲೆಯೇ ಬರುವುದರಿಂದ ಅಲ್ಪಸ್ವಲ್ಪ ಓರೆ ಸಾಕು. 50 ಡಿಗ್ರಿಯಲ್ಲಿ ಹಾಗಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಹಗಲು ರಾತ್ರಿ ಸಮವಾಗುವ ದಿನ, ನಡುಮಧ್ಯಾಹ್ನದಲ್ಲೂ ಅಲ್ಲಿ ಸೂರ್ಯ ದಿಗಂತದಿಂದ 40 ಡಿಗ್ರಿ ಮಾತ್ರ ಮೇಲೇರಿರುತ್ತಾನೆ. ಸಮತಟ್ಟಾದ ನೆಲದ ಮೇಲೆ ಆ ಕಿರಣ ಜಾರಿ ಹೋಗುತ್ತದೆ. ಒಂದೇ ಬಿಸಿಲು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಆದರೆ ದಕ್ಷಿಣಕ್ಕೆ ಮುಖ ಮಾಡಿದ 50 ಡಿಗ್ರಿ ಕಡಿದಾದ ಬೆಟ್ಟದ ಮೇಲೆ ಅದೇ ಕಿರಣ ನೆಟ್ಟಗೆ ಬಂದು ಬಡಿಯುತ್ತದೆ. ಮೋಸೆಲ್ ಕಣಿವೆಯವರು ಯಾವ ಲೆಕ್ಕವನ್ನೂ ಬರೆಯದೆ ಬೆಟ್ಟವನ್ನೇ ಸೋಲಾರ್ ಹಲಗೆ ಮಾಡಿಕೊಂಡರು.

ಇದಕ್ಕೆ ನದಿಯ ಹರಿವೂ ನೆರವಾಯಿತು. ಟ್ರಿಯರ್ ಪಟ್ಟಣದಿಂದ ಕೊಬ್ಲೆಂಜ್‌ನಲ್ಲಿ ರೈನ್ ನದಿ ಸೇರುವ ತನಕ ಹಕ್ಕಿ ಹಾರಿದರೆ ಹೆಚ್ಚೆಂದರೆ 100 ಕಿಲೋಮೀಟರ್. ನದಿ ಹರಿಯುವುದು ಹೆಚ್ಚುಕಡಿಮೆ ಅದರ ಎರಡರಷ್ಟು. ಹಾವಿನ ಹಾಗೆ ಹೊರಳುತ್ತದೆ. ಪ್ರತಿ ಹೊರಳಿಗೂ ಒಂದು ದಂಡೆ ದಕ್ಷಿಣಕ್ಕೆ ತಿರುಗುತ್ತದೆ. ಮೊದಲು ಎಡದಂಡೆ, ಆಮೇಲೆ ಬಲದಂಡೆ. ತೋಟಗಳು ಹಾಗೆ ದಂಡೆ ಬದಲಿಸುತ್ತ ಹೋಗುತ್ತವೆ. ನೆರಳಿನ ಕಡೆ ಬರಿ ಕಾಡು. ವೇಲೆನ್ ಎಂಬ ಊರು ನದಿಯ ಒಂದು ದಂಡೆಯಲ್ಲಿದೆ, ಅದರ ಹೆಸರಾಂತ ತೋಟ ಎದುರು ದಂಡೆಯಲ್ಲಿದೆ. ಕೆಲಸಕ್ಕೆ ದಿನಾ ಹೊಳೆ ದಾಟಬೇಕು. ಆ ತೋಟದ ನಡುವೆ ಬಂಡೆಗೆ ಒಂದು ನೆರಳು ಗಡಿಯಾರ ಕೂರಿಸಿದ್ದಾರೆ, 1842ರಲ್ಲಿ ಮಾಡಿದ್ದು. ಕೂಲಿಯವರಿಗೆ ಹೊತ್ತು ತಿಳಿಯಲಿ ಎಂದು. ತೋಟಕ್ಕೂ ಅದೇ ಹೆಸರು ನಿಂತಿತು. ನೆರಳು ಗಡಿಯಾರ ನೆಡುವ ಜಾಗವೆಂದರೆ ಬೆಳಗಿನಿಂದ ಸಂಜೆವರೆಗೆ ಬಿಸಿಲು ಬೀಳುವ ಜಾಗ ತಾನೇ? ಮೋಸೆಲ್‌ನಲ್ಲಿ ಗಡಿಯಾರದ ಹೆಸರಿನ ತೋಟ ಕಂಡರೆ ಅದು ಒಳ್ಳೆಯ ತೋಟವೇ ಎಂದು ಧೈರ್ಯವಾಗಿ ಹೇಳಬಹುದು.

ನಾನು ಆ ಕಣಿವೆಯ ಬೆಟ್ಟವೊಂದನ್ನು ಹತ್ತಿದ್ದು ಒಂದು ಅಕ್ಟೋಬರ್‌ನಲ್ಲಿ. ಹತ್ತಿದ್ದು ಎನ್ನುವುದಕ್ಕಿಂತ ತೆವಳಿದ್ದು ಎನ್ನಬೇಕು. ಬ್ರೆಮ್ ಎಂಬ ಊರಿನ ಕಾಲ್ಮೊಂಟ್ ಬೆಟ್ಟದಲ್ಲಿ ಇಳಿಜಾರು ಕೆಲವು ಕಡೆ 65 ಡಿಗ್ರಿಗೂ ಮೇಲೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲಿ ಅದೂ ಒಂದು. ಕಾಲಡಿಯಲ್ಲಿ ಮಣ್ಣೇ ಇಲ್ಲ. ಅಂಗೈಯಗಲ ಸ್ಲೇಟಿನ ಚೂರುಗಳು, ಕಾಲಿಟ್ಟರೆ ಖಣಖಣ ಜಾರುತ್ತವೆ. ಎರಡು ಸಲ ಕುಂಡೆಯ ಮೇಲೆ ಕೂತೆ. ಟ್ರ್ಯಾಕ್ಟರು ಬರುವ ಮಾತೇ ಇಲ್ಲ. ಒಂಟಿ ಹಳಿಯ ಮೇಲೆ ಹಲ್ಲು ಚಕ್ರದಿಂದ ಹತ್ತುವ ಪುಟ್ಟ ಗಾಡಿಯಲ್ಲಿ ಆಳುಗಳೂ ಬುಟ್ಟಿಗಳೂ ಓಡಾಡುತ್ತವೆ. ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಎರಡು ಕೊಂಬೆಗಳನ್ನು ಹೃದಯದ ಆಕಾರದಲ್ಲಿ ಬಗ್ಗಿಸಿ ಗೂಟಕ್ಕೆ ಕಟ್ಟುವುದು ಅಲ್ಲಿನ ಹಳೆಯ ರೂಢಿ. ಸಮತಟ್ಟಿನ ತೋಟದ ಮೂರು ನಾಲ್ಕು ಪಟ್ಟು ಕೆಲಸ ಇಲ್ಲಿ ಬೀಳುತ್ತದೆ. ಮಳೆಗೆ ಜಾರಿದ ಕಲ್ಲನ್ನು ಹಿಂದೆಲ್ಲ ಬೆನ್ನ ಮೇಲೆ ಹೊತ್ತು ಮತ್ತೆ ಮೇಲೆ ಹಾಕುತ್ತಿದ್ದರಂತೆ. ಮಣ್ಣು ಹೊರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಲ್ಲನ್ನು ಗೊಬ್ಬರದ ಹಾಗೆ ಜೋಪಾನ ಮಾಡುವವರನ್ನು ಕಂಡದ್ದು ಅಲ್ಲೇ.

ಯಾಕೆ ಅಷ್ಟು ಜೋಪಾನ ಎಂಬುದು ಸಂಜೆ ಗೊತ್ತಾಯಿತು. ಸೂರ್ಯ ಬೆಟ್ಟದ ಹಿಂದೆ ಇಳಿದ ಕೂಡಲೇ ಗಾಳಿ ತಣ್ಣಗಾಯಿತು, ಕೋಟಿನ ಗುಂಡಿ ಹಾಕಿಕೊಂಡೆ. ಆದರೆ ಕೂತ ಕಲ್ಲು ಇನ್ನೂ ಬೆಚ್ಚಗಿತ್ತು. ಕಪ್ಪು ಕಲ್ಲು ಹಗಲಿಡೀ ಬಿಸಿಲು ಹೀರಿ, ರಾತ್ರಿ ನಿಧಾನವಾಗಿ ಬಳ್ಳಿಯ ಬುಡಕ್ಕೆ ಬಿಟ್ಟುಕೊಡುತ್ತದೆ. ಮಳೆ ಬಂದರೆ ನೀರು ಚೂರುಗಳ ಸಂದಿಯಲ್ಲಿ ಸರಕ್ಕನೆ ಇಳಿದುಹೋಗುತ್ತದೆ, ಆದ್ದರಿಂದ ಬೇರಿನ ಜಾಗ ತಣ್ಣನೆಯ ಕೆಸರಾಗುವುದಿಲ್ಲ. ಒದ್ದೆ ನೆಲ ಬಿಸಿಯಾಗುವುದು ನಿಧಾನ, ಒಣ ಕಲ್ಲು ಬೇಗ. ಮೇಲಿನ ಚೂರುಗಳು ಮುಚ್ಚಿಗೆಯಾಗಿ ಕೆಳಗಿನ ತೇವವನ್ನು ಕಾಯುತ್ತವೆ. ಬೇರು ಆ ತೇವ ಹುಡುಕಿಕೊಂಡು ಪದರಗಳ ನಡುವೆ ಮೀಟರುಗಟ್ಟಲೆ ಇಳಿಯುತ್ತದೆ. ಕೆಳಗೆ ಹೊಳೆ ಬೇರೆ ಇದೆ: ಇಳಿಬಿಸಿಲನ್ನು ಮೇಲಕ್ಕೆ ಹೊಳೆಯಿಸುತ್ತದೆ, ಚಳಿಯ ಕೊಡಲಿ ಏಟನ್ನು ತಾನೇ ಅಷ್ಟಿಷ್ಟು ತಡೆಯುತ್ತದೆ. ಆಚೆಗೆ ಐಫೆಲ್ ಬೆಟ್ಟ, ಈಚೆಗೆ ಹುನ್ಸ್‌ರ್ಯುಕ್ ಬೆಟ್ಟ, ಗಾಳಿಗೆ ಅಡ್ಡ ನಿಂತಿವೆ. ಎಲ್ಲ ಸೇರಿ ಕಂತೆ ಕಂತೆಯಾಗಿ ಬಿಸಿ ಕೂಡಿಡುವ ಏರ್ಪಾಡು.

ಇಷ್ಟೆಲ್ಲ ಏರ್ಪಾಡು ಯಾರಿಗಾಗಿ? ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಗಾಗಿ. ಈ ಹೆಸರು ಕಾಗದದ ಮೇಲೆ ಮೊದಲು ಕಾಣುವುದು 1435ರಲ್ಲಿ, ರೈನ್ ಕಡೆಯ ರ್ಯುಸೆಲ್ಸ್‌ಹೈಮ್ ಎಂಬಲ್ಲಿನ ಒಂದು ಲೆಕ್ಕದ ಪುಸ್ತಕದಲ್ಲಿ. 1787ರಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್, ತನ್ನ ಸೀಮೆಯ ಕಳಪೆ ಬಳ್ಳಿಗಳನ್ನೆಲ್ಲ ಕಿತ್ತು ಒಳ್ಳೆಯ ತಳಿ ನೆಡಿ ಎಂದು ಆಜ್ಞೆ ಹೊರಡಿಸಿದ. ಒಳ್ಳೆಯ ತಳಿ ಎಂದರೆ ಆ ಹೊತ್ತಿಗೆ ರೀಸ್ಲಿಂಗ್. ಈಗ ಕಣಿವೆಯ ಸುಮಾರು 8,500 ಹೆಕ್ಟೇರ್ ತೋಟದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಭಾಗ ಅದೇ.

ಬೇರೆ ದ್ರಾಕ್ಷಿಗಳು ಬೇಸಿಗೆ ಮುಗಿಯುವುದರೊಳಗೆ ಹಣ್ಣಾಗಿ ಕೈಗೆ ಬಂದರೆ, ಇದು ಜಪ್ಪಯ್ಯ ಎಂದರೂ ಅವಸರ ಮಾಡುವುದಿಲ್ಲ. ಜೂನ್‌ನಲ್ಲಿ ಹೂ, ಅಕ್ಟೋಬರ್‌ವರೆಗೆ ಕಾಯುವಿಕೆ. ಕಟ್ಟಿಗೆ ಗಟ್ಟಿ, ಮಾಗಿಯ ಚಳಿಗೆ ಸಾಯುವುದಿಲ್ಲ. ಈ ಬಳ್ಳಿಯ ಗುಣವೆಲ್ಲ ಆ ನಿಧಾನದಲ್ಲಿದೆ. ಇದಕ್ಕೆ ಸ್ವಲ್ಪ ರಸಾಯನ ಹೇಳಬೇಕು, ಅಡುಗೆಮನೆಯ ರಸಾಯನ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ. ಒಂದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನ ಹುಳಿ. ಇನ್ನೊಂದು ಮ್ಯಾಲಿಕ್ ಆಮ್ಲ, ಹಸಿರು ಸೇಬಿನ ಹುಳಿ. ಹುಣಸೆಯ ಹುಳಿ ಸುಲಭಕ್ಕೆ ಕರಗದು. ಸೇಬಿನ ಹುಳಿ ಹಾಗಲ್ಲ. ಹಣ್ಣು ಉಸಿರಾಡುವಾಗ ಅದನ್ನೇ ಉರುವಲು ಮಾಡಿಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ, ರಾತ್ರಿ ಬೆಚ್ಚಗಿದ್ದಷ್ಟೂ ಬೇಗ ಉರಿದುಹೋಗುತ್ತದೆ. ಆಗ ವೈನು ಚಪ್ಪೆ. ಮೋಸೆಲ್‌ನಲ್ಲಿ ಶರತ್ಕಾಲದ ಹಗಲು ಸಕ್ಕರೆ ಕೂಡಿಸುತ್ತದೆ, ತಣ್ಣನೆಯ ಇರುಳು ಹುಳಿ ಉಳಿಸುತ್ತದೆ. ಪರಿಮಳದ ವಸ್ತುಗಳಿಗೆ ಕೂಡಿಬರಲು ವಾರಗಟ್ಟಲೆ ಬಿಡುವು ಸಿಗುತ್ತದೆ. ಕಲ್ಲು ಕೊಡುವ ಬಿಸಿ ಇಲ್ಲದಿದ್ದರೆ ಈ ಆಟ ಮುಗಿಯುವುದರೊಳಗೆ ಚಳಿಗಾಲ ಬಂದುಬಿಡುತ್ತದೆ. ಬಿಸಿ ತುಸು ಹೆಚ್ಚಾದರೆ ಆಟ ಬೇಗ ಮುಗಿದುಬಿಡುತ್ತದೆ.

ಇನ್ನೊಂದು ಸಂಗತಿ. ಹಿಂದೆ ಆ ಊರುಗಳಲ್ಲಿ ಕೊಯ್ಲು ಮುಗಿದು ರಸ ಪೀಪಾಯಿಗೆ ಬೀಳುವ ಹೊತ್ತಿಗೆ ನವೆಂಬರ್. ಸಾವಿರ ಲೀಟರಿನ ಮರದ ಪೀಪಾಯಿ, ಕಲ್ಲಿನ ನೆಲಮಾಳಿಗೆ. ಹುದುಗು ಬರುತ್ತ ಬರುತ್ತ ಚಳಿ ಏರಿ, ಹುದುಗಿನ ಜೀವಿಗಳು ಸುಸ್ತಾಗಿ ಕೆಲಸ ನಿಲ್ಲಿಸಿಬಿಡುತ್ತಿದ್ದವು. ಸಕ್ಕರೆ ಪೂರ್ತಿ ಮದ್ಯವಾಗದೆ ಒಂದಷ್ಟು ಉಳಿದುಬಿಡುತ್ತಿತ್ತು. ಹಾಗಾಗಿ ಮದ್ಯದ ಅಂಶ ಎಂಟು ಒಂಬತ್ತು ಶೇಕಡಾ ಮಾತ್ರ, ಜೊತೆಗೆ ಕಿವಿ ಹಿಂಡುವ ಹುಳಿ, ಅದಕ್ಕೆ ಸಮನಾಗಿ ಸಿಹಿ. ಹುಣಸೆ ಬೆಲ್ಲದ ಗೊಜ್ಜು ಉಣ್ಣುವ ನಾಲಗೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಿ ಬೆಲ್ಲ ಬೆಗಟು, ಬರಿ ಹುಣಸೆ ಹಲ್ಲು ಚಳಿಸುತ್ತದೆ. ಎರಡೂ ಜಗಳವಾಡುತ್ತ ನಿಂತಾಗಲೇ ರುಚಿ.

ಇದೇ ಬಳ್ಳಿ ಬೇರೆ ಕಡೆ ಬೇರೆಯಾಗುತ್ತದೆ. ಮೋಸೆಲ್ ಹುಟ್ಟುವುದು ಫ್ರಾನ್ಸಿನ ವೋಜ್ ಬೆಟ್ಟಸಾಲಿನ ಪಶ್ಚಿಮ ಮಗ್ಗುಲಲ್ಲಿ. ಅದೇ ಬೆಟ್ಟದ ಪೂರ್ವ ಮಗ್ಗುಲಲ್ಲಿ ಅಲ್ಸಾಸ್ ಸೀಮೆ. ಮೋಡಗಳು ಬೆಟ್ಟದ ಆಚೆಯೇ ಸುರಿದು, ಈಚೆಗೆ ಬರುವಷ್ಟರಲ್ಲಿ ಬರಿಗೈ. ಆಗುಂಬೆಯಲ್ಲಿ ಸುರಿದ ಮಳೆ ಕಡೂರಿಗೆ ಕೈಕೊಡುವ ಹಾಗೆ. ಅಲ್ಸಾಸಿನ ಕೋಲ್ಮಾರ್ ಊರಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವುದೇ ಕಷ್ಟ. ಬಿಸಿಲು ಧಾರಾಳ, ಹಣ್ಣಿಗೆ ಸಕ್ಕರೆ ಧಾರಾಳ. ಅದೆಲ್ಲ ಮದ್ಯವಾಗಿ 12, 13 ಶೇಕಡಾ ತಲುಪುತ್ತದೆ. ಅಲ್ಲಿನ ರೀಸ್ಲಿಂಗ್ ಸಿಹಿಯಿಲ್ಲದ, ತೋಳ್ಬಲದ ವೈನು, ಮೋಸೆಲ್‌ನದು ಹಗುರ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಮೋಸೆಲ್ ವೈನು ಕುಡಿದವರು ಅದರಲ್ಲಿ ಸ್ಲೇಟಿನ ರುಚಿ ಇದೆ ಎನ್ನುತ್ತಾರೆ. ಮಳೆಗೆ ನೆಂದ ಕಲ್ಲಿನ ವಾಸನೆ ಎನ್ನುತ್ತಾರೆ. ವೇಲೆನ್‌ನ ನೀಲಿ ಸ್ಲೇಟಿನ ವೈನು ನಾಜೂಕು, ಕೆಲವೇ ಕಿಲೋಮೀಟರ್ ದೂರದ ಉರ್ಜಿಗ್‌ನ ಕೆಂಪು ಸ್ಲೇಟಿನದು ಖಾರ. ಉರ್ಜಿಗ್ ತೋಟದ ಹೆಸರಿನ ಅರ್ಥವೇ ಮಸಾಲೆ ತೋಟ. ಬಳ್ಳಿ ಒಂದೇ, ಹವೆ ಒಂದೇ, ಕಲ್ಲು ಬೇರೆ, ರುಚಿ ಬೇರೆ. ಆದ್ದರಿಂದ ಕಲ್ಲೇ ಕರಗಿ ಬೇರಿನ ಮೂಲಕ ಲೋಟಕ್ಕೆ ಬಂದಿದೆ ಎಂಬ ಮಾತು ಕೇಳಲು ಎಷ್ಟು ಚಂದ! ವ್ಯಾಪಾರಕ್ಕೂ ಚಂದ. ನಾನೂ ಬಹಳ ದಿನ ಹಾಗೇ ಹೇಳಿಕೊಂಡು ಓಡಾಡಿದೆ.

ಆದರೆ ಅದು ನಿಲ್ಲುವ ಮಾತಲ್ಲ. ಬೇರು ಕಲ್ಲನ್ನು ತಿನ್ನುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂನಂಥವನ್ನು ಅಳೆದು ಹೀರುತ್ತದೆ, ಅಷ್ಟೇ. ವೈನಿಗೆ ಬರುವ ಹೊತ್ತಿಗೆ ಅವು ಅತ್ಯಲ್ಪ. ಅವುಗಳಲ್ಲಿ ಬಹುಪಾಲಿಗೆ ವಾಸನೆಯೇ ಇಲ್ಲ. ವೇಲ್ಸ್‌ನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ವರ್ಷಗಟ್ಟಲೆ ಇದನ್ನೇ ಹೇಳಿ, 2018ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮಳೆ ಬಿದ್ದಾಗ ಮೇಲೇಳುವ ಮಣ್ಣಿನ ಪರಿಮಳವನ್ನೇ ನೋಡಿ. ಅದು ಮಣ್ಣಿನದೆಂದು ನಾವು ಎದೆತುಂಬ ಎಳೆದುಕೊಳ್ಳುತ್ತೇವೆ. ಅದರಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಎಂಬ ವಸ್ತುವಿನದು. ಅದನ್ನು ಮಾಡುವುದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು, ಕಲ್ಲಲ್ಲ. ತಮಾಷೆ ಎಂದರೆ ಅದೇ ಜಿಯೋಸ್ಮಿನ್ ವೈನಿನಲ್ಲಿ ಬಂದರೆ ವೈನು ಕೆಟ್ಟಿದೆ ಎಂದು ಚೆಲ್ಲುತ್ತಾರೆ. ನಾಲಗೆಗೆ ತಾಕುವ ಆ ‘ಕಲ್ಲಿನ ರುಚಿ’ ಬಹುಶಃ ಹುಳಿಯ ಚುರುಕು, ಹುದುಗಿನಿಂದ ಬಂದ ಒಂದಷ್ಟು ಗಂಧಕದ ವಸ್ತುಗಳು, ಎದ್ದುಕಾಣುವ ಹಣ್ಣಿನ ವಾಸನೆ ಇಲ್ಲದಿರುವುದು, ಇವೆಲ್ಲ ಕೂಡಿ ಆಗುವ ಭ್ರಮೆ.

ಹಾಗಾದರೆ ಮಣ್ಣಿಗೆ ಕೆಲಸವೇ ಇಲ್ಲವೇ? ಕೆಲಸ ಬೇಕಾದಷ್ಟಿದೆ, ಅದು ನಾವು ಹುಡುಕುವ ಜಾಗದಲ್ಲಿಲ್ಲ. ಮಣ್ಣು ಬಳ್ಳಿಗೆ ನೀರು ಎಷ್ಟು, ಯಾವಾಗ ಎಂದು ನಿರ್ಧರಿಸುತ್ತದೆ. ಬಿಸಿ ಎಷ್ಟು ಎಂದು ನಿರ್ಧರಿಸುತ್ತದೆ. ಸಾರಜನಕ ಎಷ್ಟು ಸಿಗಬೇಕು ಎಂದು ನಿರ್ಧರಿಸುತ್ತದೆ. ನೀರು, ಸಾರ ಹೆಚ್ಚಾದರೆ ಬಳ್ಳಿ ಎಲೆಯ ಸಂಭ್ರಮದಲ್ಲಿ ಹಣ್ಣನ್ನು ಮರೆಯುತ್ತದೆ. ಈ ಕೊಡುವ ತಡೆಯುವ ಲೆಕ್ಕ ಎಷ್ಟು ದಿನ ಹಣ್ಣು ಬಳ್ಳಿಯಲ್ಲಿ ನಿಲ್ಲಬಹುದು ಎಂಬುದನ್ನು ತೀರ್ಮಾನಿಸುತ್ತದೆ. ನೀಲಿ, ಕೆಂಪು ಸ್ಲೇಟಿನ ವ್ಯತ್ಯಾಸವನ್ನು ನಾನು ಅಲ್ಲಗಳೆಯುವುದಿಲ್ಲ; ಕಲ್ಲು ಲೋಟಕ್ಕೆ ಇಳಿಯುತ್ತದೆ ಎಂಬ ದಾರಿಯನ್ನಷ್ಟೇ ಅಲ್ಲಗಳೆಯುತ್ತೇನೆ. ಒಲೆ ಅಡುಗೆಯ ರುಚಿ ಬದಲಿಸುತ್ತದೆ. ಹಾಗೆಂದು ಸಾರಿನಲ್ಲಿ ಒಲೆಯ ಚೂರು ಹುಡುಕುತ್ತೇವೆಯೇ?

ಸ್ಲೇಟಿನಿಂದ ಇನ್ನೊಂದು ಉಪಕಾರವೂ ಆಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಬೇರು ಹೇನು ಯುರೋಪಿನ ಬಹುಪಾಲು ತೋಟಗಳನ್ನು ನುಂಗಿತು. ಆ ಮೇಲೆ ಹೆಚ್ಚುಕಡಿಮೆ ಎಲ್ಲರೂ ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಬಳ್ಳಿ ನೆಡಬೇಕಾಯಿತು. ಸ್ಲೇಟಿನ ಚೂರಿನಲ್ಲಿ ಆ ಹೇನಿಗೆ ನೆಲೆಯೂರಲು ಕಷ್ಟ. ಹಾಗಾಗಿ ಮೋಸೆಲ್‌ನಲ್ಲಿ ನೂರು ವರ್ಷ ದಾಟಿದ, ಸ್ವಂತ ಬೇರಿನ ಮೇಲೇ ನಿಂತ ರೀಸ್ಲಿಂಗ್ ಬಳ್ಳಿಗಳು ಇಂದಿಗೂ ಇವೆ.

ಇಷ್ಟು ಕೇಳಿ ಆ ಕಣಿವೆಯವರು ಸುಖವಾಗಿದ್ದರು ಎಂದುಕೊಳ್ಳಬೇಡಿ. ಅಂಚಿನಲ್ಲಿ ಬೆಳೆ ಬೆಳೆಯುವವರ ಪಾಡು ಎಲ್ಲ ಕಡೆಯೂ ಒಂದೇ. 1815ರಲ್ಲಿ ಪ್ರಷ್ಯಾ ರಾಜ್ಯಕ್ಕೆ ಸೇರಿದಾಗ ಸುಂಕದ ರಕ್ಷಣೆಯಿಂದ ಬೆಲೆ ಬಂತು, ಎಲ್ಲರೂ ತೋಟ ಹೆಚ್ಚಿಸಿದರು. 1834ರಲ್ಲಿ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟವಾಗಿ ದಕ್ಷಿಣದ ಅಗ್ಗದ ವೈನು ನುಗ್ಗಿತು, ಇವರು ನೆಲಕಚ್ಚಿದರು. ಮೇಲಿಂದ ಮೇಲೆ ಹಣ್ಣಾಗದ ವರ್ಷಗಳು. ಈ ಬಡತನದ ಬಗ್ಗೆ 1843ರ ಜನವರಿಯಲ್ಲಿ ಒಂದು ಪತ್ರಿಕೆಯಲ್ಲಿ ಖಾರವಾಗಿ ಬರೆದ ತರುಣ ಸಂಪಾದಕ ಟ್ರಿಯರ್ ಊರಿನವನೇ, ಕಾರ್ಲ್ ಮಾರ್ಕ್ಸ್. ತಾನು ಅರ್ಥಶಾಸ್ತ್ರದ ಕಡೆ ತಿರುಗಲು ಮೋಸೆಲ್ ರೈತರ ಪ್ರಶ್ನೆಯೂ ಒಂದು ಕಾರಣ ಎಂದು ಮುಂದೆ ಅವನೇ ಹೇಳಿಕೊಂಡ. ಅದೇ ಊರಿನ ಇನ್ನೊಬ್ಬ ಸಮಾಜವಾದಿ ಲುಡ್‌ವಿಗ್ ಗಾಲ್ ಬೇರೆ ದಾರಿ ಹುಡುಕಿದ. ಹುಳಿಯಾದ ರಸಕ್ಕೆ ಸಕ್ಕರೆ ನೀರು ಬೆರೆಸಿ ಹುದುಗಿಸಿದರೆ ಕುಡಿಯುವಂತಾಗುತ್ತದೆ ಎಂದು 1850ರ ದಶಕದಲ್ಲಿ ಕಲಿಸಿಕೊಟ್ಟ. ಬಡವರ ಹೊಟ್ಟೆ ತುಂಬಿತು, ವೈನಿನ ಹೆಸರು ಕೆಟ್ಟಿತು. ಯಾರನ್ನು ದೂರಲಿ?

ಸರ್ಕಾರಕ್ಕೆ ಮಾತ್ರ ಯಾವ ತೋಟ ಎಷ್ಟು ಒಳ್ಳೆಯದೆಂಬುದು ಚೆನ್ನಾಗಿ ಗೊತ್ತಿತ್ತು, ಕಂದಾಯ ವಸೂಲಿಗೆ. ಟ್ರಿಯರ್ ಸೀಮೆಯ ತೋಟಗಳ ನಕ್ಷೆಯೊಂದು 1868ರಲ್ಲಿ ಬಂತು. ಬಣ್ಣ ಗಾಢವಾದಷ್ಟೂ ತೆರಿಗೆ ಹೆಚ್ಚು, ತೋಟ ಶ್ರೇಷ್ಠ. ವೈನಿನ ಪಂಡಿತರು ಇವತ್ತಿಗೂ ಆ ನಕ್ಷೆ ಬಿಡಿಸಿ ನೋಡುತ್ತಾರೆ. ನಮ್ಮ ಶಾನುಭೋಗರ ತರಿ, ಖುಷ್ಕಿ, ಬಾಗಾಯ್ತು ಲೆಕ್ಕ ಮಣ್ಣಿನ ಬಗ್ಗೆ ಎಷ್ಟೋ ವಿಜ್ಞಾನಿಗಳಿಗಿಂತ ಹೆಚ್ಚು ಹೇಳುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು.

ಇನ್ನು ಆ ಮೋಸದ ವಿಷಯ. ಹೆರ್ಮಾನ್ ಮ್ಯುಲರ್ ಎಂಬ ಸ್ವಿಸ್ ವಿಜ್ಞಾನಿ 1882ರಲ್ಲಿ ಗೈಸೆನ್‌ಹೈಮ್‌ನಲ್ಲಿ ಒಂದು ಹೊಸ ತಳಿ ಮಾಡಿದ. ಮ್ಯುಲರ್-ಥುರ್ಗಾವ್ ಎಂದು ಹೆಸರು. ಬೇಗ ಹಣ್ಣಾಗುತ್ತದೆ, ಬೇಕಾದಷ್ಟು ಫಸಲು, ಕಡಿದಾದ ಬೆಟ್ಟ ಬೇಡ, ಹೊಲದಲ್ಲೇ ಬೆಳೆಯುತ್ತದೆ. ರುಚಿ? ಕೇಳಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಹೊಳೆಯ ಬದಿಯ ಸಮತಟ್ಟಿನಲ್ಲೆಲ್ಲ ಹಬ್ಬಿತು. 1971ರ ವೈನ್ ಕಾನೂನು, ಹೆಸರಾಂತ ಊರಿನ ಹೆಸರನ್ನು ಸುತ್ತಲಿನ ವಿಶಾಲ ಪ್ರದೇಶದ ವೈನಿಗೂ ಅಂಟಿಸಲು ಬಿಟ್ಟಿತು. ಪೀಸ್‌ಪೋರ್ಟ್‌ನ ಕಡಿದಾದ ಗೋಲ್ಡ್‌ಟ್ರೋಪ್‌ಶೆನ್ ತೋಟದ್ದು ಒಂದು ವೈನು. ಪೀಸ್‌ಪೋರ್ಟ್ ಮಿಶೆಲ್ಸ್‌ಬೆರ್ಗ್ ಎಂದು ಚೀಟಿ ಹಚ್ಚಿದ್ದು ಇನ್ನೊಂದು. ಎರಡನೆಯದು ದೂರದ ಹೊಲಗಳಿಂದ ಬಂದಿರಬಹುದಿತ್ತು. ಕೊಳ್ಳುವವನಿಗೆ ಹೇಗೆ ತಿಳಿಯಬೇಕಿತ್ತು? ಆ ಕಾನೂನಿನ ಪ್ರಕಾರ ತಪ್ಪಿರಲಿಲ್ಲ. ನನ್ನ ಪ್ರಕಾರ ಮೋಸ. ಬೆಟ್ಟ ಹತ್ತಿ ಬೆನ್ನು ಮುರಿದುಕೊಂಡವನ ಹೆಸರನ್ನು ಕೆಳಗೆ ಟ್ರ್ಯಾಕ್ಟರು ಹೊಡೆದವನು ತಿಂದ.

ನಮ್ಮ ಕಡೆಗೂ ಒಂದು ನೋಟ ಹಾಯಿಸುತ್ತೇನೆ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು ಮೂವತ್ತು ವರ್ಷ ದಾಟಿದೆ. ಬಿಳಿ ವೈನಿಗೆ ಸೋವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್, ವಿಯೋನಿಯೇ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೂ ತಂದಿತು. ಇಲ್ಲಿನ ಕಷ್ಟ ಮೋಸೆಲ್‌ನದಕ್ಕೆ ತಿರುಗುಮುರುಗು. ನಮ್ಮ ಬಳ್ಳಿಗೆ ಚಳಿಯ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತದೆ. ವಿಜಯಪುರದ ಕಡೆಯ ರೈತರು ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎನ್ನುತ್ತಾರಲ್ಲ, ಹಾಗೆ ವರ್ಷಕ್ಕೆ ಎರಡು ಸಲ ಕತ್ತರಿಸಿ, ಮಳೆ ತಪ್ಪಿಸಿ, ಹಣ್ಣನ್ನು ಚಳಿಗಾಲಕ್ಕೆ ತಿರುಗಿಸಿಕೊಳ್ಳಬೇಕು. ಕೊಯ್ಲು ಫೆಬ್ರವರಿ, ಮಾರ್ಚ್. ಸಿಹಿ ಬರುವುದು ಚಿಂತೆಯಲ್ಲ, ಸಕ್ಕರೆ ತಾನಾಗಿ ಏರುತ್ತದೆ. ಹುಳಿ ಕೈಬಿಟ್ಟು ಹೋಗದಂತೆ ಹಿಡಿಯುವುದೇ ಚಿಂತೆ. ಅದಕ್ಕೇ ಎತ್ತರದ ಜಾಗ, ಅದಕ್ಕೇ ನಸುಕಿನಲ್ಲಿ ಕೊಯ್ಲು. ಮೋಸೆಲ್‌ನವರು ಗೊಂಚಲಿನ ಮುಂದಿನ ಎಲೆ ಕಿತ್ತು ಹಣ್ಣಿಗೆ ಸೂರ್ಯನನ್ನು ತೋರಿಸುತ್ತಿದ್ದರು. ನಾವು ಎಲೆ ಉಳಿಸಿ ನೆರಳು ಕೊಡುತ್ತೇವೆ. ಮೋಸೆಲ್ ಕಲ್ಲನ್ನು ಹೊತ್ತು ತಂದು ನಂದಿಗೆ ಹರಡಿದರೆ ಹಣ್ಣು ಬೇಯುತ್ತದೆ, ಅಷ್ಟೇ. ಒಳ್ಳೆಯ ಮಣ್ಣು ಎಂಬುದು ಒಂದೇ ಅಲ್ಲ. ಯಾವ ಬಿಸಿಲಿಗೆ, ಯಾವ ಬಳ್ಳಿಗೆ ಎಂದು ಕೇಳದೆ ಆ ಮಾತು ಆಡಬಾರದು.

ಈ ತಿರುಗುಮುರುಗೂ ಈಚೆಗೆ ಅಳಿಸುತ್ತಿದೆ. ಮೋಸೆಲ್ ಬಿಸಿಯಾಗುತ್ತಿದೆ. ಹಿಂದೆ ಅಕ್ಟೋಬರ್ ಕೊನೆಗೂ ನವೆಂಬರ್‌ಗೂ ಆಗುತ್ತಿದ್ದ ಕೊಯ್ಲು ಈಗ ಹಲವು ವರ್ಷ ಸೆಪ್ಟೆಂಬರ್‌ನಲ್ಲೇ ಶುರು. ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು, ಚಳಿ ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿದ ರಾತ್ರಿ ಹೆಪ್ಪುಗಟ್ಟಿದ ಗೊಂಚಲು ಕೊಯ್ದು ಹಿಂಡುವ ಹಿಮದ ವೈನು ಅಲ್ಲಿನ ಹೆಮ್ಮೆ. 2019ರ ಫಸಲಿನಲ್ಲಿ ಇಡೀ ಜರ್ಮನಿಯಲ್ಲಿ ಅದು ಆಗಲೇ ಇಲ್ಲ. ಅಂಥ ಚಳಿಯೇ ಬೀಳಲಿಲ್ಲ. ಅದೇ ವರ್ಷದ ಜುಲೈನಲ್ಲಿ 40 ಡಿಗ್ರಿ ಬಿಸಿಲಿಗೆ ಗೊಂಚಲುಗಳು ಬಳ್ಳಿಯಲ್ಲೇ ಸುಟ್ಟವು. ಈಗ ಅವರೂ ಎಲೆ ಉಳಿಸಿ ಹಣ್ಣಿಗೆ ನೆರಳು ಕೊಡಲು ಕಲಿಯುತ್ತಿದ್ದಾರೆ. ಹಿಂದೆ ಹಣ್ಣಾಗದೆಂದು ಬಿಟ್ಟುಬಂದ ಸಾರ್ ಉಪನದಿಯ ತಣ್ಣನೆಯ ಒಳಕಣಿವೆಗಳಲ್ಲಿ ಮತ್ತೆ ಗೂಟ ನೆಡುತ್ತಿದ್ದಾರೆ. 1868ರ ನಕ್ಷೆಯಲ್ಲಿ ಅತಿ ಗಾಢ ಬಣ್ಣ ಬಳಿದ ಇಳಿಜಾರುಗಳಲ್ಲೇ ಕೆಲವು ಈಗ ಸೆಕೆಯ ಜಾಗಗಳಾಗಿವೆ. ಜೊತೆಗೆ ಆ ಬೆಟ್ಟ ಹತ್ತಲು ಮಕ್ಕಳು ಒಪ್ಪುತ್ತಿಲ್ಲ. 1990ರ ಸುಮಾರಿಗೆ 12,000 ಹೆಕ್ಟೇರ್ ಮೀರಿದ್ದ ತೋಟ ಈಗ ಸುಮಾರು 8,500ಕ್ಕೆ ಇಳಿದಿದೆ. ಬಿಟ್ಟ ತೋಟಗಳಲ್ಲಿ ಮುಳ್ಳುಪೊದೆ ಬೆಳೆದು, ಕಲ್ಲಿನ ಗೋಡೆಗಳು ಕುಸಿದು ಕೂತಿವೆ.

ಹೊತ್ತಾಯಿತು. ನಿಮಗೊಂದು ಸಣ್ಣ ಕೆಲಸ ಕೊಟ್ಟು ಮುಗಿಸುತ್ತೇನೆ. ಇವತ್ತು ಸಂಜೆ ಸೂರ್ಯ ಮುಳುಗಿ ಒಂದು ಗಂಟೆಯಾದ ಮೇಲೆ ಅಂಗಳಕ್ಕೆ ಬನ್ನಿ. ಒಂದು ಅಂಗೈಯನ್ನು ಕರಿಯ ಕಡಪ ಕಲ್ಲಿನ ಮೇಲಿಡಿ, ಇನ್ನೊಂದನ್ನು ಹೂಕುಂಡದ ಒದ್ದೆ ಮಣ್ಣಿನ ಮೇಲಿಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಯನ್ನೂ ಇಡಿಸಿ.